ಬೇವಿನ ನೀರಲ್ಲಿ ಬೆಂದ ಕ್ಲಾರಿನೆಟ್

ಚಾಮರಾಜನಗರದ ನಮ್ಮ ಬ್ಯಾಂಡ್‌ಸೆಟ್ಟಿನಲ್ಲಿ ಇದ್ದದ್ದು ಒಂದೇ ಕ್ಲಾರಿನೆಟ್, ಊದುವವರು ಇಬ್ಬರು. ಮೆರವಣಿಗೆಯಲ್ಲಿ ನನಗೆ ದಮ್ಮು ಕಟ್ಟಿದರೆ ಗೆಳೆಯನ ಕೈಗೆ ಕೊಡುತ್ತಿದ್ದೆ, ಅವನಿಗೆ ಸುಸ್ತಾದರೆ ನನ್ನ ಕೈಗೆ. ಎಂಜಲು ಎಂಬ ಮಾತೇ ನಮ್ಮ ನಡುವೆ ಬಂದಿರಲಿಲ್ಲ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ಅವನು ನನ್ನನ್ನು ಪಕ್ಕಕ್ಕೆ ಕರೆದು, ತನಗೆ ಎಚ್ಐವಿ ಇದೆ, ಮಾತ್ರೆ ಶುರು ಮಾಡಿದ್ದಾರೆ ಎಂದ. "ನಿನ್ಗೊಬ್ನಿಗೇ ಯೋಳ್ತಾ ಇರೋದು ಕಣ್ಲಾ."

ಹೆಗಲ ಮೇಲೆ ಕೈಯಿಟ್ಟು ಧೈರ್ಯ ಹೇಳಿದೆ. ಮನೆಗೆ ಬಂದವನೇ ಕ್ಲಾರಿನೆಟ್ಟಿನ ಮೌತ್‌ಪೀಸ್ ಕಳಚಿ, ಬೇವಿನ ಸೊಪ್ಪು ಹಾಕಿ ಗಳಗಳ ಕುದಿಸಿದೆ. ಎಸ್ಸೆಸ್ಸೆಲ್ಸಿ ಪಾಸಾದವನ ಬುದ್ಧಿ ಅದು!

ಮಾರನೆಯ ದಿನ ಗುಂಡ್ಲುಪೇಟೆಯಲ್ಲಿ ಈರುಳ್ಳಿ ವ್ಯಾಪಾರಿಯೊಬ್ಬರ ಮಗನ ಮದುವೆ. ನಾನು ಊದಿದೆ. ಬಿಸಿಗೆ ಸೊಟ್ಟಗಾಗಿದ್ದ ಮೌತ್‌ಪೀಸು ಕತ್ತು ಹಿಸುಕಿದ ಬಾತುಕೋಳಿಯಂತೆ ಕಿರುಚಿತು.

"ಯಾರ್ಲಾ ಅದು, ದಿಬ್ಬಣಕ್ಕೆ ಮೇಕೆ ಕರ್ಕೊಂಡ್ ಬಂದಿರೋದು?" ಎಂದು ಲಾರಿ ಮೇಲಿದ್ದವನೊಬ್ಬ ಕೂಗಿದ. ಮದುಮಗನೂ ನಕ್ಕುಬಿಟ್ಟ. ಗೆಳೆಯ ನನ್ನ ಕೈಯಿಂದ ಕಿತ್ತುಕೊಂಡು ಬಾಯಿಗಿಟ್ಟವನು "ಥೂ, ಕಯ್ಯಿ!" ಎಂದು ಕಹಿಗೆ ಮುಖ ಕಿವುಚಿ ಉಗಿದ. ಆಮೇಲೆ ನನ್ನ ಮುಖ ನೋಡಿದ.

"ಬೇವ್ನಸೊಪ್ಪಲ್ಲಿ ಬೇಯಿಸ್ಬುಟ್ಟೇನ್ಲಾ?"

ಅಂದಿನ ಮಾನವನ್ನು ಟ್ರಂಪೆಟ್ಟಿನವನು ಉಳಿಸಿದ. ಊಟಕ್ಕೆ ಗೆಳೆಯ ಬೇರೆ ಪಂಕ್ತಿಯಲ್ಲಿ ಕೂತ. ಎದ್ದು ಹೋಗುವಾಗ, "ಇನ್ಮ್ಯಾಕೆ ನಾನು ಬರಕಿಲ್ಲ. ನೀನೇ ಊದ್ಕೊ," ಎಂದ. ಬ್ಯಾಂಡು ಬಿಟ್ಟರೆ ಅವನಿಗೆ ಬೇರೆ ಕಸುಬೇ ಇರಲಿಲ್ಲ.

ಮರುದಿನ ಅವನ ಬಾಗಿಲಲ್ಲಿ ನಿಂತೆ. "ತಪ್ಪಾಯ್ತು ಕಣ್ಲಾ. ನಿನ್ ಡಾಕ್ಟ್ರ ತಾವ್ಕೆ ಕರ್ಕೊಂಡೋಗು, ನಾನೇ ಕೇಳ್ತೀನಿ." ಗೊಣಗುತ್ತಲೇ ಅಂಗಿ ಹಾಕಿಕೊಂಡ.

ಡಾಕ್ಟರಮ್ಮ ಬೇವಿನ ಕತೆ ಕೇಳಿ ಕುರ್ಚಿಯಲ್ಲೇ ನಕ್ಕರು. "ಎಂಜಲಿಂದ ಎಚ್ಐವಿ ಬರಲ್ಲ ಯಜಮಾನ್ರೇ. ಒಂದೇ ಲೋಟದಲ್ಲಿ ಟೀ ಕುಡೀರಿ, ಒಂದೇ ತಟ್ಟೇಲಿ ಉಣ್ಣಿ, ಪೀಪಿನೂ ಊದಿ. ಅದು ಬರೋದು ಸೋಂಕಿರೋರ ಜೊತೆ ಕಾಂಡೋಮ್ ಇಲ್ಲದೆ ಕೂಡಿದ್ರೆ, ಸೋಂಕಿರೋ ರಕ್ತ ಏರಿಸ್ಕೊಂಡ್ರೆ, ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದ್ರೆ. ಇಲ್ಲಾ ತಾಯಿಯಿಂದ ಮಗೂಗೆ."

"ಕೇಳುಸ್ತಾ?" ಎಂದು ಅವನು ನನ್ನ ಪಕ್ಕೆ ತಿವಿದ. ಆ ತಿವಿತದಿಂದ ನನಗೆ ಹೋದ ಜೀವ ಬಂದಂತಾಯಿತು.

ಹೊಸ ಮೌತ್‌ಪೀಸ್ ತಂದೆವು. ಮುಂದಿನ ಮದುವೆಯಲ್ಲಿ ಹಾಡಿನ ನಡುವೆ ಅವನು ಕ್ಲಾರಿನೆಟ್ ಚಾಚಿದ. ಜೊಲ್ಲು ಫಳಫಳ ಹೊಳೆಯುತ್ತಿತ್ತು.

"ಒರಸ್ಕೊಳ್ಲಾ, ನಂಗೆ ನೆಗಡಿ."

"ಬುಡ್ಲಾ ಅತ್ಲಾಗೆ," ಎಂದು ಹಾಗೆಯೇ ಬಾಯಿಗಿಟ್ಟು ಊದಿದೆ. ಅವನ ಮುಖ ಅರಳಿದ್ದು ಓರೆಗಣ್ಣಿಗೆ ಕಂಡಿತು.

ನೆಗಡಿ ಬಂದೇ ಬಂತು. ಆ ವಾರದ ಮದುವೆಗಳನ್ನೆಲ್ಲ ಅವನೊಬ್ಬನೇ ಊದಿದ. ಹಿಂದೆ ನಾನು ಸೀನುತ್ತಾ ತಾಳ ಹಾಕಿಕೊಂಡು ನಡೆದೆ.