ಒಂದು ನೂಲು ಸಡಿಲ

ಅಣ್ಣನ ಚುಕ್ಕಾಣಿಗೆ ಮೂರು ಬಿಜಾಗರಿ ಇದ್ದವು ಎಂದು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ, ಎರಡೇ ಇದ್ದಿರಲೂಬಹುದು. ಇವತ್ತು ಬೆಳಿಗ್ಗೆ ಕಪಾಟಿಗೆ ಬಾಗಿಲು ಕೂರಿಸಲು ಬಂದ ಆಚಾರಿ ಬೈರಿಗೆ ಹಿಡಿದುಕೊಂಡು, "ಮಳೆಗಾಲಕ್ಕೆ ಸ್ವಲ್ಪ ಸಡ್ಲ ಬಿಡ್ಲಾ ಅಮ್ಮಾ?" ಎಂದು ಕೇಳಿದ. ಆಗಿನಿಂದ ಎಣಿಕೆ ತಪ್ಪುತ್ತಿದೆ.

ಮೂವತ್ತರ ದಶಕದ ಯಾವುದೋ ಬೇಸಿಗೆ. ನನ್ನ ಅಣ್ಣ ಯಲ್ಲಾಪುರದಲ್ಲಿ ವಿಮಾನ ಕಟ್ಟುತ್ತಿದ್ದ. ನೀವು ನಗಬೇಕಾಗಿಲ್ಲ, ಊರು ಆಗಲೇ ನಕ್ಕು ಮುಗಿಸಿದೆ. ಮುಂಬಯಿಯಿಂದ ತರಿಸಿದ ನಕ್ಷೆ, ಬಸ್ಸು ಓಡಿಸುತ್ತಿದ್ದ ಖಾದರ ಸಾಬರ ಷೆಡ್ಡು, ಅವರು ಕೊಡುತ್ತೇನೆಂದ ಹಳೆಯ ಕಾರಿನ ಎಂಜಿನ್ನು. ರೆಕ್ಕೆಗೆ ಬಟ್ಟೆ ಹೊಲಿದವಳು ನಾನು. ಹೊಲಿಗೆ ಚೆನ್ನಾಗಿತ್ತು ಎಂದು ನೆನಪು. ಹೊಗಳಿದವಳೂ ನಾನೇ ಇರಬೇಕು. ವಿಮಾನದಲ್ಲಿ ಕೂರಲು ಒಬ್ಬರಿಗೇ ಜಾಗ, ಅಣ್ಣನಿಗೆ. ಅವನು ಮೇಲಿಂದ ಬೀಳುವುದನ್ನು ಹೊಲಿಯುತ್ತಲೇ ಎಷ್ಟೋ ಸಲ ಮನಸ್ಸಿನಲ್ಲಿ ಕಂಡಿದ್ದೆ.

ಬಾಲದ ಚುಕ್ಕಾಣಿ ಎಡಕ್ಕೆ ಬಲಕ್ಕೆ ತಿರುಗಬೇಕಾದರೆ ಅದನ್ನು ಹಿಂದಿನ ಕಂಬಕ್ಕೆ ಬಿಜಾಗರಿಯಿಂದ ತೂಗಹಾಕಬೇಕು. ಗಂಟಿಲ್ಲದ ಆ ಕಂಬದ ಮರ ಹುಡುಕಲು ಅಣ್ಣನಿಗೆ ಒಂದು ವರ್ಷ ಹಿಡಿದಿತ್ತು. ಹಗ್ಗದ ಬೈರಿಗೆ ಇಬ್ಬರ ಕೆಲಸ: ಅವನು ಒತ್ತಿ ಹಿಡಿದ, ನಾನು ಹಗ್ಗ ಎಳೆದೆ. ನಮ್ಮ ಕಡೆ ಬೇಸಿಗೆಯಲ್ಲಿ ಯಾರೂ ಬಾಗಿಲನ್ನು ಬಿಗಿಯಾಗಿ ಕೂರಿಸುವುದಿಲ್ಲ. ಆಷಾಢದಲ್ಲಿ ಮರ ಉಬ್ಬಿ ಕಚ್ಚಿಕೊಳ್ಳುತ್ತದೆ. ಬೈರಿಗೆಯ ಮೊನೆ ಆರಿಸುವಾಗ ನಾನೇ ಅಂದೆ: "ಮಳೆಗಾಲಕ್ಕೆ ಮರ ಉಬ್ತು ಅಣ್ಣಾ. ತೂತು ಒಂದು ನೂಲು ದೊಡ್ಡದೇ ಇರ್ಲಿ." ನೂಲೆಂದರೆ ಆಚಾರಿಗಳ ಅಳತೆ, ಅಂಗುಲದ ಎಂಟರಲ್ಲಿ ಒಂದು ಪಾಲು. ಅವನು ಹೌದೆಂದು ತಲೆಯಾಡಿಸಿದ. ಅವನೂ ಬಾಗಿಲುಗಳ ನಡುವೆಯೇ ಬೆಳೆದವನು.

ಮರುದಿನ ಖಾದರ ಸಾಬರು ಚುಕ್ಕಾಣಿ ಹಿಡಿದು ಅಲ್ಲಾಡಿಸಿದರು. ಬೋಲ್ಟು ಎಷ್ಟು ಬಿಗಿದರೂ ಬಿಜಾಗರಿ ಕಟಕಟ ಅಂದಿತು.

"ಇದು ನಿಮ್ಮ ಮನೆ ಬಾಗ್ಲಲ್ಲ ಭಟ್ರೇ. ಗಾಳ್ಯಾಗ ಬಡಕೊಳ್ಳಾಕ ಹತ್ತಿದ್ರ ಕಿತ್ತೇ ಹೋಗ್ತದ."

ಕಂಬ ಬದಲಿಸದೆ ಎಂಜಿನ್ನು ಕೊಡುವುದಿಲ್ಲ ಎಂದರು. ಅಣ್ಣ ಬೋಲ್ಟು ಬಿಚ್ಚಿ ತೂತುಗಳನ್ನು ನೋಡಿದ. ಆಮೇಲೆ ನನಗೆ ಹೇಳಿದ್ದು ಇಷ್ಟೇ: "ಎಳೆದವಳು ನೀನು, ಹಿಡಿದವ ಆನು. ಬಿಡು ಕೂಸೇ."

ಅಂಥ ಇನ್ನೊಂದು ಮರ ಸಿಗುವಷ್ಟರಲ್ಲಿ ಎಂಜಿನ್ನು ಅಕ್ಕಿ ಗಿರಣಿ ಸೇರಿತು. ವಿಮಾನ ನೆಲ ಬಿಡಲಿಲ್ಲ. ಅಣ್ಣ ಮುದುಕನಾಗಿ, ಹಾಸಿಗೆಯಲ್ಲೇ ತೀರಿಕೊಂಡ.

ಆಚಾರಿಗೆ, ಬಿಗಿಯಾಗಿಯೇ ಕೂರಿಸು ಎಂದೆ. ಆಷಾಢದಲ್ಲಿ ಕಚ್ಚಿಕೊಂಡರೆ ಕಚ್ಚಿಕೊಳ್ಳಲಿ. ಅಂದು ಒಂದು ನೂಲು ದೊಡ್ಡದಿರಲಿ ಎಂದದ್ದು ಮರ ಉಬ್ಬುತ್ತದೆಂದೋ, ಅವನು ಹಾರದಿರಲಿ ಎಂದೋ, ನನಗೆ ಗೊತ್ತಿಲ್ಲ.