ನಲವತ್ತು ಪೈಸೆ ಸಾಲದ ಕುರ್ಚಿಗಳು

ಮುಂಬಯಿಯ ಪರೇಲಿನ ಸಹಕಾರಿ ಬ್ಯಾಂಕೊಂದರ ಸಾಲ ವಿಭಾಗದಲ್ಲಿ ಸುಮಿತ್ರಾ ಇಪ್ಪತ್ತಾರು ವರ್ಷ ಕಳೆದಿದ್ದರು. ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ, ಮದುವೆಯಾಗಿ ಘಾಟ್ಕೋಪರಿಗೆ ಬಂದವರು. ಸಾಲ ಕೇಳಿದ ಕಾರ್ಖಾನೆಯ ಕಾಗದಪತ್ರ ಬಿಚ್ಚುವ ಮೊದಲು ಅದರ ಹಿಂಬಾಗಿಲಿಗೆ ಹೋಗಿ ಗುಜರಿ ರಾಶಿ ನೋಡುವುದು ಅವರ ಪದ್ಧತಿ. ಒಳಗೆ ಎಷ್ಟು ಕೆಲಸ ನಡೆದಿದೆಯೋ ಅಷ್ಟೇ ಕಬ್ಬಿಣದ ಸಿಪ್ಪೆ ಹೊರಗೆ ಬಿದ್ದಿರುತ್ತದೆ. ಸಿಪ್ಪೆಗೆ ಸುಳ್ಳು ಹೇಳಲು ಬರುವುದಿಲ್ಲ.

ಹೊಸ ಮ್ಯಾನೇಜರ್ ವಿಕ್ರಂಗೆ ಇದೆಲ್ಲ ತಮಾಷೆ. ಲೋಕಲ್ ರೈಲು ಹತ್ತಿ ಯಾವ ಕಾರ್ಖಾನೆಯನ್ನೂ ನೋಡಲು ಹೋದವನೇ ಅಲ್ಲ. ಅವನ ಬಳಿ ಒಂದು ಗೆರೆಯಿತ್ತು: ಸ್ವಂತದ ಒಂದು ರೂಪಾಯಿಗೆ ಸಾಲ ಎರಡು ರೂಪಾಯಿ ಮೀರಿತೋ, ಕಂಪನಿ ಮುಳುಗಿದಂತೆ. ಅದರ ವಯಸ್ಸೆಷ್ಟು, ಅದು ಏನು ಮಾಡುತ್ತದೆ ಎಂದು ಕೇಳುವುದು ಅವನ ಪ್ರಕಾರ ಪಕ್ಷಪಾತ.

ಈ ಸಲ ಆ ಗೆರೆಗೆ ಸಿಕ್ಕಿಬಿದ್ದದ್ದು ವಿಜಯಪುರದ ಶಿವಪುತ್ರಪ್ಪನ ಕಾಂದಿವಲಿ ವರ್ಕ್‌ಶಾಪು. ಅದರ ಸಾಲ ರೂಪಾಯಿಗೆ ಎರಡೂಕಾಲು. ಸಾಲ ನವೀಕರಣವಾಗದಿದ್ದರೆ ತಿಂಗಳೊಳಗೆ ಬಾಗಿಲು ಬಂದ್, ಹದಿನಾಲ್ಕು ಜನ ಮನೆಗೆ.

ಸಮಿತಿಯ ಕೋಣೆಯಲ್ಲಿ ಮದುವೆ ಮಂಟಪದಿಂದ ಎದ್ದು ಬಂದಂಥ ಹೊಂಬಣ್ಣದ ಕುರ್ಚಿಗಳಿದ್ದವು. ಒಂದರಲ್ಲಿ ವಿಕ್ರಂ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

“ಮೇಡಂ, ರೂಲ್ ಅಂದ್ರೆ ರೂಲ್. ಸಬ್ ಕೇ ಲಿಯೇ ಏಕ್, ಎಲ್ಲರಿಗೂ ಒಂದೇ. ಇದೇ ಜಸ್ಟಿಸ್ ಅಲ್ವಾ?”

“ಎದುರಿನ ಆಸ್ಪತ್ರೇಲಿ ಕೂಸಿಗೂ ಪೈಲ್ವಾನನಿಗೂ ಒಂದೇ ಡೋಸ್ ಕೊಟ್ಟು ಜಸ್ಟಿಸ್ ಅಂತಾರೇನಪ್ಪಾ? ಇರಲಿ. ನೀವು ಕೂತಿರೋ ಕುರ್ಚಿ ಯಾರದು?”

ವಿಕ್ರಂ ಕಾಲು ಇಳಿಸಿದ. “ಆ ಡೆಕೋರೇಷನ್ ಕಂಪನೀದು.”

“ರೂಪಾಯಿಗೆ ಎಷ್ಟು ಸಾಲ ಇತ್ತು ಅದಕ್ಕೆ?”

“ನಲವತ್ತು ಪೈಸೆ.”

“ನೀವೇ ಹಸಿರು ಗುರುತು ಹಾಕಿ ಕಳಿಸಿದ್ರಿ. ಮೂರು ವರ್ಷದ ಕಂಪನಿ, ಬಾಡಿಗೆ ಆಫೀಸು, ಒಬ್ಬನೇ ಗಿರಾಕಿ. ಅವನು ಕೈಬಿಟ್ಟ, ಏಳೇ ತಿಂಗಳಿಗೆ ಅಂಗಾತ ಮಲಗಿತು. ಸಾಲದ ಬದಲು ನಮಗೆ ಸಿಕ್ಕಿದ್ದು ಈ ಕುರ್ಚಿಗಳು. ಇವನ್ನೂ ಕೊಳ್ಳೋರಿಲ್ಲ ಅಂತ ನಾವೇ ಕೂತಿದೀವಿ.”

ಸಮಿತಿಯ ಅಧ್ಯಕ್ಷ ಸೋಮನಾಥ ಕೆಮ್ಮಿದಂತೆ ಮಾಡಿ ನಕ್ಕರು. “ಮತ್ತೆ ಶಿವಪುತ್ರಪ್ಪಂದು?”

“ಇಪ್ಪತ್ತೆರಡು ವರ್ಷದ ವರ್ಕ್‌ಶಾಪು, ಹನ್ನೊಂದು ಗಿರಾಕಿಗಳು. ನಾಳೆ ಮಾರಿದ್ರೂ ಬೆಲೆ ಬರೋ ಆರು ಲೇತ್ ಯಂತ್ರ. ಬಡ್ಡಿ ಕಟ್ಟಿಯೂ ಲಾಭ ಉಳಿದಿದೆ. ಎರಡೂಕಾಲು ಭಾರವೇ, ಇಲ್ಲ ಅನ್ನಲ್ಲ. ನಾಲ್ಕು ಗಿರಾಕಿ ಹೋದ್ರೆ ಇವನಿಗೂ ಉಸಿರು ಕಟ್ಟುತ್ತೆ. ಅದಕ್ಕೇ ಮೂರು ತಿಂಗಳಿಗೊಮ್ಮೆ ಹೋಗಿ ನೋಡ್ತೀನಿ ಅಂತ ಬರೆದುಕೊಟ್ಟಿದೀನಿ.”

ಸೋಮನಾಥ ಬಗ್ಗಿ, ತಾವು ಕೂತ ಕುರ್ಚಿಯಡಿ ಅಂಟಿಸಿದ್ದ ಜಪ್ತಿಯ ಚೀಟಿ ನೋಡಿದರು. ಆಮೇಲೆ ಒಂದು ವರ್ಷದ ನವೀಕರಣಕ್ಕೆ ಸಹಿ ಹಾಕಿದರು. ವಿಕ್ರಂ ನಡಾವಳಿಯಲ್ಲಿ ‘ವಿಶೇಷ ವಿನಾಯಿತಿ’ ಎಂದು ಬರೆದುಕೊಂಡ. ಆ ಗೆರೆಯನ್ನು ಅಳಿಸುವಷ್ಟು ಬುದ್ಧಿ ಇನ್ನೂ ಬಂದಿರಲಿಲ್ಲ.

ಸುಮಿತ್ರಾ ಹೊರಗೆ ಬಂದು ಶಿವಪುತ್ರಪ್ಪನಿಗೆ ಫೋನ್ ಮಾಡಿದರು. ಆ ಕಡೆ ಕಿವಿಗಡಚಿಕ್ಕುವ ಗರಗರ ಸದ್ದು.

“ಕೇಳವಲ್ದು ರೀ ಅಕ್ಕಾರ! ಲೇತ್ ಚಾಲೂ ಅದಾವ. ಬಂದ್ ಮಾಡ್ಲೇನು?”

“ಬೇಡ ಕಣ್ರೀ, ನಡೀಲಿ ನಡೀಲಿ!” ಎಂದು ಸುಮಿತ್ರಾ ಕಾರಿಡಾರೆಲ್ಲ ತಿರುಗಿ ನೋಡುವಂತೆ ಕೂಗಿದರು.