ಇಂಜಿನ್ ಟಾನಿಕ್ ಯಜಮಾನರು
ಬಿಡಿಭಾಗದ ಅಂಗಡಿಯ ಈ ಯಜಮಾನರ ಪ್ರಕಾರ ಇಂಜಿನ್ನಿಗೆ ಬರೀ ಆಯಿಲ್ ಸಾಲದು, ಅದರ ಜೊತೆಗೆ ಅವರ ಕೆಂಪು ಬಾಟಲಿಯ ಟಾನಿಕ್ಕೂ ಬೀಳಬೇಕು. ಬಲ್ಬು ಕೇಳಿಕೊಂಡು ಬಂದವರ ಗಾಡಿಗೂ ಕಿವಿಗೊಟ್ಟು, "ಅಯ್ಯೋ ಪಾಪ, ಹೇಗೆ ಕೆಮ್ತಿದೆ ನೋಡಿ! ಒಂದು ಬಾಟ್ಲಿ ಸುರೀರಿ, ಮದುಮಗನ ಹಾಗೆ ಎದ್ದು ಹೊರಡುತ್ತೆ" ಎನ್ನುತ್ತಾರೆ. ಗಾಡಿ ಕಂಪನಿಯವರೇ ಬೇಡ ಅಂತಾರಲ್ಲ ಎಂದರೆ, "ಅವರಿಗೇನ್ರೀ ಗೊತ್ತು?" ಎಂದು ರೇಗುತ್ತಾರೆ. ಆ ಜೋರು ಅಳಿಯನ ಎದುರು ಮಾತ್ರ ನಡೆಯುವುದಿಲ್ಲ. ಅವನ ಹೊಸ ಟ್ಯಾಕ್ಸಿಗೆ ಪ್ರೀತಿ ಉಕ್ಕಿ ಎರಡು ಬಾಟಲಿ ಸುರಿದವರು ಇವರೇ; ಆಯಿಲ್ ಅಂಟಾಗಿ ಇಂಜಿನ್ ಕಚ್ಚಿಕೊಂಡು ನಿಂತಿತು. ಈಗ ಬೇರೆಯವರ ಟ್ಯಾಕ್ಸಿ ಓಡಿಸುವ ಅಳಿಯ ಬಂದು, "ಮಾವ, ನಮ್ಮ ಓನರ್‌ಗೆ ಆ ಟಾನಿಕ್ ಬೇಕಂತೆ" ಎಂದರೆ, ಇವರು ಮುಖ ಎತ್ತಲಾರದೆ, "ಖಾಲಿ ಆಗಿದೆಯಪ್ಪಾ" ಎನ್ನುತ್ತಾರೆ. ಅವರ ಬೆನ್ನ ಹಿಂದೆ ಸಾಲಾಗಿ ತುಂಬಿ ನಿಂತ ಕೆಂಪು ಬಾಟಲಿಗಳನ್ನು ನೋಡಿಯೂ ಅಳಿಯ, "ಹೋಗ್ಲಿ ಬಿಡಿ ಮಾವ" ಎಂದು ಹೊರಟುಬಿಡುತ್ತಾನೆ.